ಮನೆಯಂಗಳದ ತೋಟಕ್ಕೆ ಮೂರು ದಾರಿ: ಗುತ್ತಿಗೆದಾರ, ನರ್ಸರಿ, ಆರ್ಕಿಟೆಕ್ಟ್

ಬೆಂಗಳೂರು, ಮೈಸೂರಿನಂತಹ ಊರುಗಳಲ್ಲಿ ಮನೆ ಕಟ್ಟಿದವರು ಅಂಗಳದಲ್ಲಿ ತೋಟ ಮಾಡಿಸಲು ಹೊರಟರೆ ಅವರ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ನಕ್ಷೆಯಿಂದ ಹಿಡಿದು ಹುಲ್ಲುಹಾಸಿನವರೆಗೆ ಎಲ್ಲವನ್ನೂ ಒಬ್ಬ ಲ್ಯಾಂಡ್‌ಸ್ಕೇಪ್ ಗುತ್ತಿಗೆದಾರನಿಗೆ ಒಪ್ಪಿಸುವುದು ಮೊದಲನೆಯದು. ಗಿಡ ಮಾರುವ ನರ್ಸರಿಯವರಿಗೇ ಮಣ್ಣು, ಗೊಬ್ಬರ, ನೆಡುವ ಕೂಲಿ ಎಲ್ಲವನ್ನೂ ಸೇರಿಸಿ ಕೆಲಸ ವಹಿಸುವುದು ಎರಡನೆಯದು. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಒಬ್ಬರಿಂದ ನಕ್ಷೆಯನ್ನಷ್ಟೇ ಪಡೆದು, ಗಾರೆ ಮೇಸ್ತ್ರಿ, ಪ್ಲಂಬರ್, ಮಾಲಿ ಇವರನ್ನು ಬೇರೆ ಬೇರೆಯಾಗಿ ಗೊತ್ತುಮಾಡಿಕೊಂಡು ಮನೆಯವರೇ ಮುಂದೆ ನಿಂತು ಮಾಡಿಸುವುದು ಮೂರನೆಯದು. ಬೆಂಗಳೂರಿನ ನಮ್ಮ ಮನೆಯ ಮುಂಭಾಗವನ್ನು 2022ರ ಆರಂಭದಲ್ಲಿ ಗುತ್ತಿಗೆದಾರರಿಂದ, ಅದೇ ವರ್ಷ ಮೈಸೂರಿನ ಅಕ್ಕನ ಮನೆಯಂಗಳವನ್ನು ನರ್ಸರಿಯವರಿಂದ, ಮರುವರ್ಷ ನಮ್ಮ ಮನೆಯ ಹಿತ್ತಲು ಮತ್ತು ಪಕ್ಕದ ಓಣಿಯನ್ನು ನಕ್ಷೆಯ ದಾರಿಯಲ್ಲಿ ಮಾಡಿಸಿದ್ದರಿಂದ ಮೂರನ್ನೂ ಹತ್ತಿರದಿಂದ ನೋಡುವ ಅವಕಾಶ ನನಗೆ ದೊರಕಿತು. ಅಕ್ಕ, ಭಾವ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಅಲ್ಲಿನ ಮೇಲುಸ್ತುವಾರಿಯೂ ಬಹುಮಟ್ಟಿಗೆ ನನ್ನದೇ ಆಗಿತ್ತು.

ಕೆಲಸ ಮುಗಿದ ದಿನ ತೆಗೆದ ಫೋಟೋಗಳನ್ನು ಎದುರಿಟ್ಟುಕೊಂಡು ಈ ಮೂರನ್ನು ಹೋಲಿಸಲು ಬರುವುದಿಲ್ಲ. ಆ ದಿನ ಎಲ್ಲ ತೋಟಗಳೂ ಚೆನ್ನಾಗಿಯೇ ಕಾಣುತ್ತವೆ. ತೋಟದ ಪರೀಕ್ಷೆ ನಡೆಯುವುದು ಮೊದಲ ದೊಡ್ಡ ಮಳೆಯಲ್ಲಿ ಮತ್ತು ಮೊದಲ ಕಡುಬೇಸಿಗೆಯಲ್ಲಿ. ನಮಗೆ ಎರಡೂ ತಡವಿಲ್ಲದೆ ಬಂದವು. 2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಮುಳುಗುವಷ್ಟು ಮಳೆ ಸುರಿಯಿತು. 2023ರ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅದರ ಬೆನ್ನಿಗೆ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವೆಂದು ಆದೇಶಿಸಿತು. ಮುಂದೆ ಹೇಳುವುದೆಲ್ಲ ಈ ಎರಡು ಪರೀಕ್ಷೆಗಳು ಕಳೆದ ಮೇಲೆ ಉಳಿದ ಅಭಿಪ್ರಾಯ.

ಗುತ್ತಿಗೆದಾರರು: ನೆಲದಲ್ಲಿ ಬಲ, ಗಿಡದಲ್ಲಿ ಅವಸರ

ಮುಂಭಾಗದ ಕೆಲಸಕ್ಕೆ ಮೂವರು ಗುತ್ತಿಗೆದಾರರಿಂದ ಕೊಟೇಶನ್ ತೆಗೆದುಕೊಂಡಿದ್ದೆವು. ಮೂರು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಕಂಡ ವ್ಯತ್ಯಾಸವೇ ಈ ಬರಹದ ತಿರುಳು. ಒಬ್ಬರ ಕೊಟೇಶನ್‌ನಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಬಣ್ಣಬಣ್ಣದ ಚಿತ್ರಗಳಿದ್ದವು. ಗಿಡಗಳ ಹೆಸರು ಎರಡು ಪುಟ ತುಂಬಿತ್ತು. ನೆಲದ ಕೆಲಸಕ್ಕೆ ಮಾತ್ರ ‘ಕೆಂಪು ಮಣ್ಣು ಮತ್ತು ಗೊಬ್ಬರ’ ಎಂಬ ಒಂದೇ ಸಾಲು, ಅದರ ಮುಂದೆ ಒಟ್ಟು ಮೊತ್ತ. ಇನ್ನೊಬ್ಬರದು ಎಲ್ಲರಿಗಿಂತ ಅಗ್ಗವಾಗಿತ್ತು. ಅವರು ಕಾಂಪೌಂಡ್ ಗೋಡೆಯ ಉದ್ದಕ್ಕೂ ಕೊನೋಕಾರ್ಪಸ್ ಬೇಲಿಯನ್ನು ಸೂಚಿಸಿದ್ದರು. ಬೇಗನೆ ಬೆಳೆದು ಹಸಿರು ಗೋಡೆಯಾಗುವ ಈ ಗಿಡದ ಬೇರು ನೀರಿನ ಪೈಪುಗಳಿಗೂ ಒಳಚರಂಡಿಗೂ ನುಗ್ಗುತ್ತದೆ ಎಂಬ ದೂರು ಹಲವು ಕಡೆಗಳಲ್ಲಿದೆ. ಇದರ ಪರಾಗದಿಂದ ಉಸಿರಾಟದ ತೊಂದರೆಯಾಗುತ್ತದೆಂಬ ಕಾರಣವನ್ನೂ ಸೇರಿಸಿ ಗುಜರಾತ್ ಸರ್ಕಾರವು 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು. ನೀರಿನ ಸಂಪು ಕಾಂಪೌಂಡಿಗೆ ಅಂಟಿಕೊಂಡಿರುವ ಮನೆಗೆ ಇಂತಹ ಗಿಡವನ್ನು ಸೂಚಿಸುವವರು ಸ್ಥಳವನ್ನು ಕಣ್ಣಿಟ್ಟು ನೋಡಿಲ್ಲವೆಂದೇ ತಿಳಿಯಬೇಕು.

ಮೂರನೆಯವರ ಕಾಗದದಲ್ಲಿ ಚಿತ್ರವೇ ಇರಲಿಲ್ಲ. ಮನೆ ಕಟ್ಟುವಾಗ ಉಳಿದ ಇಟ್ಟಿಗೆ ಚೂರು, ಸಿಮೆಂಟು, ಜಲ್ಲಿಯನ್ನು ಒಂದೂವರೆ ಅಡಿ ಆಳದವರೆಗೆ ತೆಗೆದು ಹೊರಗೆ ಸಾಗಿಸುವುದು, ಕೆಂಪು ಮಣ್ಣು ಎಷ್ಟು ಲೋಡ್, ಕೊಟ್ಟಿಗೆ ಗೊಬ್ಬರ ಎಷ್ಟು ಚೀಲ, ನೆಲದ ಇಳಿಜಾರು ಯಾವ ಕಡೆಗೆ ಎಷ್ಟು, ಹೆಚ್ಚಾದ ನೀರು ಯಾವ ಪೈಪಿನಲ್ಲಿ ಯಾವ ಗುಂಡಿಗೆ ಹೋಗಬೇಕು, ಕಲ್ಲುಹಾಸಿನ ಅಡಿಯಲ್ಲಿ ಜಲ್ಲಿ ಎಷ್ಟು ಇಂಚು ಎಂಬುದೆಲ್ಲ ಸಾಲುಸಾಲಾಗಿ ಬರೆದಿತ್ತು. ಮೊತ್ತ ಎಲ್ಲರಿಗಿಂತ ಹೆಚ್ಚಾಗಿದ್ದರೂ ನಾವು ಅವರನ್ನೇ ಆರಿಸಿಕೊಂಡೆವು. ನಮ್ಮದು 40×60 ಅಡಿಯ ಸೈಟು. ಬೆಂಗಳೂರಿನಲ್ಲಿ ಈ ಅಳತೆಯ ಮನೆಗಳಿಗೆ ಮಳೆನೀರು ಸಂಗ್ರಹ ಅಥವಾ ಇಂಗುಗುಂಡಿಯನ್ನು 2009ರಿಂದಲೇ ಕಡ್ಡಾಯ ಮಾಡಲಾಗಿದೆ. ನಮ್ಮ ಮನೆಯ ಇಂಗುಗುಂಡಿ ಇದ್ದದ್ದು ಮುಂಭಾಗದ ಮೂಲೆಯಲ್ಲಿ. ಆ ಗುಂಡಿಯನ್ನು ಗಮನಿಸಿ, ಅಂಗಳದ ನೀರೂ ಅದಕ್ಕೇ ಹರಿಯುವಂತೆ ಲೆಕ್ಕ ಹಾಕಿದವರು ಮೂವರಲ್ಲಿ ಇವರೊಬ್ಬರೇ.

ನೆಲದ ಕೆಲಸವನ್ನು ಅವರ ತಂಡ ಮಾಡಿದ ರೀತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮನೆ ಕಟ್ಟಿದ ಜಾಗದಲ್ಲಿ ಮೇಲಿನ ಒಂದಡಿ ಮಣ್ಣಿನಲ್ಲಿ ಗಾರೆ ಬೆರೆತಿರುತ್ತದೆ. ಬೆಂಗಳೂರಿನ ಕೆಂಪು ಮಣ್ಣು ಸಹಜವಾಗಿ ಸ್ವಲ್ಪ ಹುಳಿಯ ಗುಣದ್ದು; ಸಿಮೆಂಟು, ಸುಣ್ಣ ಬೆರೆತರೆ ಅದು ಕ್ಷಾರವಾಗುತ್ತದೆ. ಕ್ಷಾರವಾದ ಮಣ್ಣಿನಲ್ಲಿ ಕಬ್ಬಿಣದಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲವಾದ್ದರಿಂದ ಕೇಪಳದಂತಹ ಗಿಡಗಳ ಎಳೆಯ ಎಲೆಗಳು ನರವಷ್ಟೇ ಹಸಿರಾಗಿ ಉಳಿದು ಹಳದಿಯಾಗುತ್ತವೆ. ಮನೆಯವರು ಗೊಬ್ಬರ ಸಾಲದೆಂದು ಮತ್ತೆ ಮತ್ತೆ ಗೊಬ್ಬರ ಹಾಕುತ್ತಾರೆ, ರೋಗ ಬೇರೆಯೇ ಇರುತ್ತದೆ. ಇವರು ಅಗೆದು ತೆಗೆದ ಕಸವನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿ, ಹೊಸ ಮಣ್ಣು ಹಾಕಿದ ಮೇಲೆ ಕೂಡಲೇ ಹುಲ್ಲು ಹಾಸದೆ, ನೀರು ಹಾಯಿಸಿ ಕೆಲಕಾಲ ಹಾಗೆಯೇ ಬಿಟ್ಟರು. ಹಾಗೆ ಬಿಟ್ಟಿದ್ದರಿಂದ ಎರಡು ಲಾಭವಾಯಿತು. ಸಡಿಲ ಮಣ್ಣು ಕುಳಿತುಕೊಂಡು ತಗ್ಗುಗಳು ಕಂಡವು, ಅವುಗಳನ್ನು ತುಂಬಲಾಯಿತು. ಮಣ್ಣಿನ ಜೊತೆ ಬಂದಿದ್ದ ಜೇಕಿನ ಗೆಡ್ಡೆಗಳು ಮೊಳೆತು ಮೇಲೆದ್ದವು, ಅವುಗಳನ್ನು ಬುಡಸಹಿತ ಕಿತ್ತು ತೆಗೆಯಲಾಯಿತು. ಜೇಕು ಒಮ್ಮೆ ಹುಲ್ಲುಹಾಸಿನೊಳಗೆ ಸೇರಿಕೊಂಡರೆ ಅದನ್ನು ಬಿಡಿಸುವುದು ಎಷ್ಟು ಕಷ್ಟವೆಂಬುದು ಬೇಸಾಯದ ಮನೆಯವರಿಗೆಲ್ಲ ಗೊತ್ತು.

ಸದರಹಳ್ಳಿ ಗ್ರಾನೈಟಿನ ಚಪ್ಪಡಿಗಳನ್ನು ಹಾಸುವ ಮುನ್ನ ಅವುಗಳ ಅಡಿಯಲ್ಲಿ ಅಡ್ಡಡ್ಡಲಾಗಿ ಖಾಲಿ ಪಿವಿಸಿ ಪೈಪುಗಳನ್ನು ಹೂತಿಟ್ಟರು. ಮುಂದೆ ಡ್ರಿಪ್ ಲೈನೋ ದೀಪದ ವೈರೋ ಎಳೆಯಬೇಕಾದಾಗ ಕಲ್ಲು ಕೀಳದೆ ಆ ಪೈಪಿನೊಳಗಿಂದ ತೂರಿಸಬಹುದು. ಇಂತಹ ಕೆಲಸಕ್ಕೆ ತಗಲುವ ಖರ್ಚು ಅತಿ ಕಡಿಮೆ. ಅದನ್ನು ನೆನಪಿಟ್ಟು ಮಾಡುವವರು ಮಾತ್ರ ಅನುಭವಸ್ಥರು. ಕಲ್ಲುಹಾಸಿಗೆ ನೂರು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಬೇಕು. ಬರಿಗಣ್ಣಿಗೆ ಕಾಣಿಸದ ಈ ಇಳಿಜಾರನ್ನು ಅವರು ದಾರ ಕಟ್ಟಿ ಹಿಡಿದಿದ್ದರಿಂದ 2022ರ ಆ ಮಳೆಯಲ್ಲಿ ನಮ್ಮ ರಸ್ತೆಯೇ ಹೊಳೆಯಾಗಿದ್ದಾಗಲೂ ಮುಂಭಾಗದಲ್ಲಿ ನೀರು ನಿಲ್ಲಲಿಲ್ಲ, ಒಂದು ಚಪ್ಪಡಿಯೂ ಕುಸಿಯಲಿಲ್ಲ.

ಗಿಡಗಳ ವಿಷಯಕ್ಕೆ ಬಂದಾಗ ಅದೇ ತಂಡದ ಎಚ್ಚರ ಸಡಿಲವಾಯಿತು. ಗುತ್ತಿಗೆದಾರರಿಗೆ ಬಾಕಿ ಹಣ ಬರುವುದು ಕೆಲಸ ಒಪ್ಪಿಸಿದ ದಿನ. ಆ ದಿನಕ್ಕೆ ತೋಟ ತುಂಬಿದಂತೆ ಕಾಣಬೇಕು. ಆದ್ದರಿಂದ ದೊಡ್ಡ ಗಿಡಗಳನ್ನೇ ತಂದು, ಒಂದರ ಮಗ್ಗುಲಲ್ಲಿ ಒಂದನ್ನು ಒತ್ತೊತ್ತಾಗಿ ನೆಡುತ್ತಾರೆ. ಬೆಂಗಳೂರಿನ ಅಲಂಕಾರಿಕ ಗಿಡಗಳಲ್ಲಿ ಬಹಳಷ್ಟು ಆಂಧ್ರದ ಗೋದಾವರಿ ತೀರದ ಕಡಿಯಂ ನರ್ಸರಿಗಳಿಂದ ಲಾರಿಗಳಲ್ಲಿ ಬರುತ್ತವೆ. ನಮಗೆ ಬಂದ ಗಿಡಗಳ ಬೇರಿನ ಸುತ್ತ ಇದ್ದದ್ದು ಅಂಟಾದ ಜೇಡಿಮಣ್ಣಿನ ಉಂಡೆ. ಒಣಗಿ ಬಿಗಿದುಕೊಂಡ ಆ ಉಂಡೆಯನ್ನು ನೆನೆಸಿ ಸಡಿಲಿಸದೆ ಕೆಂಪು ಮಣ್ಣಿನಲ್ಲಿ ಇಟ್ಟುಬಿಟ್ಟರೆ, ಹಾಯಿಸಿದ ನೀರು ಉಂಡೆಯನ್ನು ಬಳಸಿಕೊಂಡು ಸುತ್ತಲಿನ ಸಡಿಲ ಮಣ್ಣಿಗೆ ಹೋಗುತ್ತದೆ. ಸುತ್ತ ನೆಲ ಒದ್ದೆಯಾಗಿದ್ದರೂ ಗಿಡ ಬಾಯಾರಿ ಸೊರಗುತ್ತದೆ. ನಮ್ಮಲ್ಲಿ ಹೋದ ಗಿಡಗಳ ಪೈಕಿ ಹೆಚ್ಚಿನವು ಹೋದದ್ದು ಹೀಗೆಯೇ. ಕಿತ್ತು ನೋಡಿದಾಗ ಉಂಡೆಯ ಒಳಭಾಗ ಧೂಳಿನಂತೆ ಒಣಗಿತ್ತು. ಉಳಿದವು ಎರಡು ವರ್ಷ ತುಂಬುವುದರೊಳಗೆ ಒಂದನ್ನೊಂದು ಮುಚ್ಚಿಕೊಂಡು ಬೆಳೆದದ್ದರಿಂದ ಕೆಲವನ್ನು ನಾವೇ ತೆಗೆದು ಬೇರೆಯವರಿಗೆ ಕೊಡಬೇಕಾಯಿತು. ಹಣ ಕೊಟ್ಟು ನೆಡಿಸಿದ್ದನ್ನು ಹಣ ಕೊಟ್ಟು ತೆಗೆಸುವುದು ಒಪ್ಪುವಂತಹ ಮಾತಲ್ಲ.

ಹುಲ್ಲುಹಾಸಿನ ಬಗ್ಗೆ ಸ್ವಲ್ಪ ಲೆಕ್ಕ ಹೇಳಬೇಕು. ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಬೇಕಾದರೆ ದಿನಕ್ಕೆ ಸುಮಾರು 5 ಮಿ.ಮೀ. ನೀರು ಬೇಕು. ನಾನೂರು ಚದರಡಿಗೆ ಇದು 185 ಲೀಟರಿನಷ್ಟಾಗುತ್ತದೆ. ನಗರದ ನೀರು ಪೂರೈಕೆಯಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ಹಿಡಿಯುವ ಲೆಕ್ಕವೇ 135 ಲೀಟರ್. ಗುತ್ತಿಗೆದಾರರ ಕೊಟೇಶನ್‌ನಲ್ಲಿ ಮೆಕ್ಸಿಕನ್ ಹುಲ್ಲಿನ ದರ ಚದರಡಿಗೆ ಇಷ್ಟು ಎಂದು ಇತ್ತೇ ಹೊರತು ಅದು ಕುಡಿಯುವ ನೀರಿನ ಮಾತು ಎಲ್ಲಿಯೂ ಇರಲಿಲ್ಲ. 2024ರ ಬೇಸಿಗೆಯಲ್ಲಿ ಅಡುಗೆಮನೆಯ ಸೊಪ್ಪು, ಅಕ್ಕಿ ತೊಳೆದ ನೀರನ್ನೆಲ್ಲ ಹಿಡಿದಿಟ್ಟು ಹಾಕಿದರೂ ಅದರ ಅರ್ಧ ಭಾಗ ಸುಟ್ಟುಹೋಯಿತು. ಅದೇ ಅಂಗಳದಲ್ಲಿದ್ದ ದೇವಕಣಗಿಲೆ, ನಂದಿಬಟ್ಟಲುಗಳು ಒಂದು ಎಲೆಯನ್ನೂ ಬಾಡಿಸಿಕೊಳ್ಳದೆ ನಿಂತವು.

ಮೂರು ತಿಂಗಳ ನಿರ್ವಹಣೆ ಗುತ್ತಿಗೆಯಲ್ಲಿ ಸೇರಿತ್ತು. ಅದಕ್ಕೆ ಬರುತ್ತಿದ್ದ ಹುಡುಗರು ಪದೇ ಪದೇ ಬದಲಾಗುತ್ತಿದ್ದರು. ಹಿಂದಿನವನು ಏನು ಮಾಡಿದ್ದನೆಂದು ಮುಂದಿನವನಿಗೆ ತಿಳಿಯುತ್ತಿರಲಿಲ್ಲ. ಅವಧಿ ಮುಗಿಯುವ ಹೊತ್ತಿಗೆ ಮಳೆಗಾಲ ಶುರುವಾಗಿತ್ತು, ಎಲ್ಲವೂ ತಾನಾಗಿ ಚಿಗುರುತ್ತಿತ್ತು. ನಿಜವಾದ ಆರೈಕೆ ಬೇಕಾಗುವ ಬೇಸಿಗೆ ಬಂದಾಗ ಗುತ್ತಿಗೆಯ ಹೊಣೆ ಮುಗಿದು ಬಹಳ ಕಾಲವಾಗಿತ್ತು.

ನರ್ಸರಿಯವರು

ಅಕ್ಕನ ಮನೆಯಂಗಳ ನಮ್ಮ ಮುಂಭಾಗಕ್ಕಿಂತ ಚಿಕ್ಕದು, ಕಲ್ಲುಹಾಸಿನ ಕೆಲಸವೂ ಅಲ್ಲಿರಲಿಲ್ಲ. ನರ್ಸರಿಯವರು ಕೇಳಿದ ಹಣ, ಚದರಡಿಯ ಲೆಕ್ಕದಲ್ಲಿ, ನಾವು ಬೆಂಗಳೂರಿನಲ್ಲಿ ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ. ನಕ್ಷೆಯಿಲ್ಲ, ಕರಾರುಪತ್ರವಿಲ್ಲ, ಒಂದು ಚೀಟಿಯ ಮೇಲೆ ಗಿಡಗಳ ಹೆಸರು, ಒಟ್ಟು ಮೊತ್ತ, ಅಡ್ವಾನ್ಸ್ ಎಷ್ಟು ಎಂಬುದಷ್ಟೇ ಇತ್ತು.

ಗಿಡಗಳ ಆಯ್ಕೆಯಲ್ಲಿ ಇವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ ಬೀಳುವ ಮೈಸೂರಿನಲ್ಲಿ ಯಾವುದು ನಿಲ್ಲುತ್ತದೆ, ಯಾವ ಗೋಡೆಯ ಬಿಸಿಲು ಯಾವ ಗಿಡಕ್ಕೆ ಆಗುವುದಿಲ್ಲ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಪಾರಿಜಾತ, ದಾಸವಾಳ, ನಂದಿಬಟ್ಟಲು, ನೆರಳಿನ ಕಡೆಗೆ ಕನಕಾಂಬರ, ಬಾಗಿಲ ಬಳಿ ಮೈಸೂರು ಮಲ್ಲಿಗೆ, ಹಿಂದೆ ನಿಂಬೆ ಮತ್ತು ಕರಿಬೇವು. ದಿನಬೆಳಗಾದರೆ ದೇವರಿಗೆ ಹೂ ಬೇಕಾದ ಮನೆ ಎಂಬುದನ್ನು ಕೇಳಿ ತಿಳಿದುಕೊಂಡು ಮಾಡಿದ ಪಟ್ಟಿ ಅದು. ಚಿಕ್ಕ ಸಸಿಗಳನ್ನೇ ಕೊಟ್ಟರು. ಅಕ್ಕ ದೊಡ್ಡವು ಬೇಕೆಂದಾಗ ಅವರು, "ಅಮ್ಮಾ, ಚಿಕ್ಕದರಲ್ಲಿ ಹಾಕಿದರೆ ಬೇರು ಈ ಮಣ್ಣಿಗೇ ಇಳಿಯುತ್ತೆ. ದೊಡ್ಡದಕ್ಕೆ ದುಡ್ಡೂ ಜಾಸ್ತಿ, ಚಿಂತೆಯೂ ಜಾಸ್ತಿ" ಎಂದರು. ಹೆಚ್ಚು ಬೆಲೆಯದನ್ನು ಮಾರುವ ಅವಕಾಶವನ್ನು ಬಿಟ್ಟುಕೊಟ್ಟ ಆ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಸತ್ತ ಎರಡು ಗಿಡಗಳ ಬದಲಿಗೆ, ಬರೆದುಕೊಟ್ಟ ಯಾವ ಭರವಸೆಯೂ ಇಲ್ಲದಿದ್ದರೂ, ಹಣ ಕೇಳದೆ ಬೇರೆ ಗಿಡ ತಂದು ನೆಟ್ಟರು.

ಸೋತದ್ದು ನೆಲದಲ್ಲಿ. ಮನೆ ಕಟ್ಟಿದ ಕಸವನ್ನು ತೆಗೆಯದೆ ಅದರ ಮೇಲೆಯೇ ಮಣ್ಣು ಹರಡಿದರು. ಹಾಗೆ ಹರಡಿದ ಮಣ್ಣಿನ ಮಟ್ಟ ಮನೆಯ ತಳಪಾಯದ ಮೇಲಿರುವ ತೇವ ತಡೆಯುವ ಪದರಕ್ಕಿಂತ ಎತ್ತರಕ್ಕೆ ಹೋಯಿತು. ತೋಟದ ಮಣ್ಣು ಆ ಪದರಕ್ಕಿಂತ ಕನಿಷ್ಠ ಆರು ಇಂಚು ಕೆಳಗಿರಬೇಕು. ಮೇಲೆ ಹೋದರೆ ಮಣ್ಣಿನ ತೇವ ಪದರವನ್ನು ದಾಟಿ ನೇರವಾಗಿ ಗೋಡೆಗೆ ಹತ್ತುತ್ತದೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕನ ಮನೆಯ ಹಜಾರದ ಗೋಡೆಯಲ್ಲಿ ಬಣ್ಣ ಉಬ್ಬಿ ಪುಡಿಯಾಗಿ ಉದುರತೊಡಗಿತು. ಭಾವ ಬಣ್ಣದವರನ್ನು ಕರೆಸಿದರು. ಬಣ್ಣದವರು ಗೋಡೆಗೆ ಏನೇನೋ ಬಳಿದರು. ಮರುವರ್ಷ ಮತ್ತೆ ಅದೇ. ಗೋಡೆಗೆ ತಾಗಿದ ಮಣ್ಣನ್ನು ಒಂದೂವರೆ ಅಡಿ ಅಗಲಕ್ಕೆ ತೆಗೆಸಿ, ಅಲ್ಲಿ ದಪ್ಪ ಜಲ್ಲಿ ತುಂಬಿಸಿದ ಮೇಲೆಯೇ ಅದು ನಿಂತದ್ದು. ತೋಟದ ಖರ್ಚಿನಲ್ಲಿ ಉಳಿಸಿದ್ದ ಹಣದ ಬಹುಪಾಲು ಗೋಡೆಯ ರಿಪೇರಿಗೆ ಹೋಯಿತು.

ಗೊಬ್ಬರವೂ ಪೂರ್ತಿ ಕಳಿತದ್ದಾಗಿರಲಿಲ್ಲ. ಹಸಿ ಸಗಣಿ ಗೊಬ್ಬರದ ಜೊತೆ ಗೊಣ್ಣೆಹುಳು ಬರುತ್ತದೆ. ಹುಲ್ಲಿನ ಬೇರನ್ನು ತಿಂದು ಹಾಕುವ ಈ ಹುಳುವಿನಿಂದ ಅಲ್ಲಲ್ಲಿ ಹುಲ್ಲು ಚಾಪೆಯಂತೆ ಕಿತ್ತು ಬರುತ್ತಿತ್ತು. ಕಳಿತ ಗೊಬ್ಬರವನ್ನು ಗುರುತಿಸುವುದು ಕಷ್ಟವಲ್ಲ. ಕೈಯಲ್ಲಿ ಹಿಡಿದಾಗ ಪುಡಿಯಾಗಬೇಕು, ಸಗಣಿಯ ವಾಸನೆ ಹೋಗಿ ಮಣ್ಣಿನ ವಾಸನೆ ಬರಬೇಕು, ರಾಶಿಯೊಳಗೆ ಕೈಯಿಟ್ಟರೆ ಬಿಸಿ ಇರಬಾರದು. ಲೋಡ್ ಇಳಿಸುವ ಮುನ್ನ ಇಷ್ಟನ್ನು ನೋಡಿದರೆ ಸಾಕು, ಗೊಬ್ಬರ ಯಾರೇ ತಂದರೂ.

ನಕ್ಷೆ ಒಬ್ಬರದು, ಕೆಲಸ ಹಲವರದು

ಆರ್ಕಿಟೆಕ್ಟ್ ಎಂಬ ಹೆಸರನ್ನು ಬಳಸಲು 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿಯಾಗಿರಬೇಕು. ಲ್ಯಾಂಡ್‌ಸ್ಕೇಪ್ ಗುತ್ತಿಗೆದಾರ ಎಂಬ ಹೆಸರಿಗೆ ಅಂತಹ ಕಟ್ಟುಪಾಡಿಲ್ಲ. ಗೂಡ್ಸ್ ಆಟೊ ಮತ್ತು ನಾಲ್ಕು ಹಾರೆ ಇದ್ದವರೂ ಬೋರ್ಡು ಹಾಕಿಕೊಳ್ಳಬಹುದು. ಈ ಕಾರಣಕ್ಕೆ ಹಿತ್ತಲಿನ ಕೆಲಸಕ್ಕೆ ನಾವು ಲ್ಯಾಂಡ್‌ಸ್ಕೇಪ್ ವಿನ್ಯಾಸದಲ್ಲಿ ಹೆಚ್ಚಿನ ಓದು ಮಾಡಿದ ಆರ್ಕಿಟೆಕ್ಟ್ ಒಬ್ಬರ ಬಳಿ ಹೋದೆವು. ಇಷ್ಟು ಸಣ್ಣ ಕೆಲಸವನ್ನು ಒಪ್ಪಿಕೊಳ್ಳುವವರನ್ನು ಹುಡುಕುವುದಕ್ಕೇ ಸಾಕಷ್ಟು ಕಾಲ ಹಿಡಿಯಿತು.

ಕೊಟ್ಟ ಶುಲ್ಕಕ್ಕೆ ಅವರು ಮೊದಲು ಮಾಡಿದ್ದು ಬೆಳಿಗ್ಗೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ಬಂದು ನೆರಳು ಎಲ್ಲೆಲ್ಲಿ ಬೀಳುತ್ತದೆಂದು ಗುರುತು ಹಾಕಿಕೊಂಡದ್ದು. ಹಿತ್ತಲಿನ ಮೂಲೆಯಲ್ಲಿ ಹಳೆಯ ಹೊಂಗೆ ಮರವೊಂದಿದೆ. ಮುಂಭಾಗ ಮಾಡಿದ ಗುತ್ತಿಗೆದಾರರು ಅದನ್ನು ಕಡಿದರೆ ಹುಲ್ಲಿಗೆ ಬಿಸಿಲು ಸಿಗುತ್ತದೆ ಎಂದಿದ್ದರು. ನಗರದಲ್ಲಿ ಸ್ವಂತ ಅಂಗಳದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ ಎಂಬುದನ್ನು ಅವರು ಹೇಳಿರಲಿಲ್ಲ. ಆರ್ಕಿಟೆಕ್ಟ್ ಮರವನ್ನೇ ನಡುವಿಟ್ಟುಕೊಂಡು ನಕ್ಷೆ ಮಾಡಿದರು. ಅದರ ನೆರಳಿನಲ್ಲಿ ಹುಲ್ಲು ಬೇಡ, ಕಲ್ಲಿನ ಜಗಲಿ ಸಾಕು, ಸುತ್ತ ನೆರಳು ತಾಳುವ ಗಿಡಗಳಿರಲಿ ಎಂದರು. ಹುಲ್ಲುಹಾಸಿಲ್ಲದ ತೋಟವೂ ತುಂಬಿದಂತೆ ಕಾಣಬಲ್ಲದು ಎಂಬುದನ್ನು ನಾನು ಮೊದಲು ಒಪ್ಪಿದ್ದು ಆ ನಕ್ಷೆಯ ಮುಂದೆ ಕುಳಿತಾಗ.

ನೆಡುವ ನಕ್ಷೆಯಲ್ಲಿ ಪ್ರತಿ ಗಿಡಕ್ಕೂ ಒಂದು ವೃತ್ತ; ಆ ವೃತ್ತದ ಅಳತೆ ಗಿಡ ಪೂರ್ತಿ ಬೆಳೆದಾಗ ಹರಡುವಷ್ಟು ಅಗಲ. ಇದೊಂದೇ ಕ್ರಮದಿಂದ ಗಿಡಗಳ ಸಂಖ್ಯೆ ಗುತ್ತಿಗೆದಾರರು ಅಷ್ಟೇ ಜಾಗಕ್ಕೆ ಹಾಕುತ್ತಿದ್ದುದರ ಮೂರರಲ್ಲಿ ಒಂದು ಭಾಗಕ್ಕೆ ಇಳಿಯಿತು. ಗಿಡಗಳನ್ನು ನಾವೇ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಿಗೆ ಹೋಗಿ, ಚೀಲದ ತಳದಿಂದ ಬೇರು ಹೊರಬಂದು ಸುತ್ತಿಕೊಂಡಿಲ್ಲವೆಂದು ನೋಡಿ ಆರಿಸಿದೆವು. 2023ರ ಜೂನ್‌ನಲ್ಲಿ ನೆಟ್ಟದ್ದು. ಮಳೆ ಕೈಕೊಟ್ಟ ವರ್ಷವಾದರೂ ಪೊದೆಗಿಡಗಳಿಗೆ ಗಂಟೆಗೆ 4 ಲೀಟರಿನ ಎರಡೆರಡು ಡ್ರಿಪ್ಪರ್ ಇಟ್ಟು, ವಾರಕ್ಕೆ ಮೂರು ಸಲ ಅರ್ಧ ಗಂಟೆ ಬಿಡುತ್ತಿದ್ದುದರಿಂದ ಗಿಡವೊಂದಕ್ಕೆ ವಾರಕ್ಕೆ 12 ಲೀಟರ್ ಸಾಕಾಯಿತು. ಬುಡಕ್ಕೆ ಒಣ ಎಲೆಗಳ ಹೊದಿಕೆ ಹಾಕಿದ್ದೆವು. 2024ರ ಬೇಸಿಗೆಯಲ್ಲಿ ಜಲಮಂಡಳಿಯ ನೀರನ್ನು ಮುಟ್ಟದೆ, ಬಟ್ಟೆ ಒಗೆಯುವ ಯಂತ್ರದ ಕೊನೆಯ ಸುತ್ತಿನ ನೀರನ್ನು ಬಕೆಟಿನಲ್ಲಿ ಹೊತ್ತು ಹಾಕಿಯೇ ಹಿತ್ತಲನ್ನು ಉಳಿಸಿಕೊಂಡೆವು. ಬೋರ್‌ವೆಲ್ ನೀರಿದ್ದವರು ಡ್ರಿಪ್ ಹಾಕಿಸಿದರೆ ಫಿಲ್ಟರನ್ನು ಆಗಾಗ ಬಿಚ್ಚಿ ತೊಳೆಯಬೇಕು. ಗಡಸು ನೀರಿನ ಉಪ್ಪು ಡ್ರಿಪ್ಪರಿನ ಕಣ್ಣನ್ನು ಕಟ್ಟಿಬಿಡುತ್ತದೆ.

ಈ ದಾರಿಯ ಬೆಲೆ ಮನೆಯವರ ಸಮಯ. ನಮಗೆ ಸಿಕ್ಕ ಮೇಸ್ತ್ರಿ ಗೋಡೆ ಕಟ್ಟುವುದರಲ್ಲಿ ನುರಿತವರು, ಆದರೆ ನೆಲಕ್ಕೆ ಇಳಿಜಾರು ಕೊಡುವ ಅಭ್ಯಾಸ ಅವರಿಗಿರಲಿಲ್ಲ. ಮಟ್ಟ ಎಂದರೆ ಸಪಾಟು ಎಂದೇ ಅವರ ತಿಳಿವಳಿಕೆ. ಟ್ಯೂಬ್ ಲೆವೆಲ್ ಹಿಡಿದು ಎರಡು ತುದಿಗಳ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ ತೋರಿಸಿದ ಮೇಲೂ ಒಂದು ಕಡೆ ಕಲ್ಲು ಕಿತ್ತು ಮತ್ತೆ ಹಾಸಬೇಕಾಯಿತು. ಪ್ಲಂಬರ್ ಹೇಳಿದ ದಿನ ಬರದೆ, ಜಗಲಿಯ ಕಲ್ಲು ಕೂತ ಮೇಲೆ ಬಂದು, ಪೈಪಿಗಾಗಿ ಅಂಚನ್ನು ಕೊರೆದರು. ಏನಾದರೂ ಕೆಟ್ಟರೆ ಮೇಸ್ತ್ರಿ ಪ್ಲಂಬರನ್ನೂ, ಪ್ಲಂಬರ್ ಮೇಸ್ತ್ರಿಯನ್ನೂ ತೋರಿಸುತ್ತಾರೆ. ನಡುವೆ ನಿಂತು ತೀರ್ಮಾನ ಹೇಳುವವರು ಮನೆಯವರೇ. ಆರ್ಕಿಟೆಕ್ಟ್ ಅವರ ಭೇಟಿಗಳು ಶುಲ್ಕದಲ್ಲಿ ಸೇರಿದಷ್ಟು ಮಾತ್ರ. ಕೆಲಸ ಮುಗಿಯಲು ಮುಂಭಾಗಕ್ಕೆ ಹಿಡಿದದ್ದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯಿತು. ಶುಲ್ಕವನ್ನೂ ಸೇರಿಸಿ ಲೆಕ್ಕ ಹಾಕಿದರೆ ಚದರಡಿಗೆ ತಗಲಿದ ಹಣ ಗುತ್ತಿಗೆದಾರರಿಗೆ ಕೊಟ್ಟದ್ದಕ್ಕಿಂತ ಸ್ವಲ್ಪವೇ ಕಡಿಮೆ.

ಯಾರಿಗೆ ಯಾವುದು

ಒಂದೇ ದಾರಿಯನ್ನು ಆರಿಸಬೇಕೆಂದು ಕೇಳಿದರೆ ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಅಂಗಳದಲ್ಲಿ ನೆಲದ ಕೆಲಸ ಎಷ್ಟಿದೆ? ಮನೆ ಹೊಸದಾಗಿ ಕಟ್ಟಿದ್ದು, ಅಡಿಯಲ್ಲಿ ಗಾರೆಕಸ ತುಂಬಿದ್ದು, ರಸ್ತೆಗಿಂತ ಅಂಗಳ ತಗ್ಗಾಗಿದ್ದು, ಅರ್ಧದಷ್ಟು ಜಾಗಕ್ಕೆ ಕಲ್ಲು ಹಾಸಬೇಕಾಗಿದ್ದರೆ ಗುತ್ತಿಗೆದಾರರಿಗೆ ಕೊಡುವ ಹೆಚ್ಚಿನ ಹಣ ಸಾರ್ಥಕ. ನೆಲ ಚೆನ್ನಾಗಿದ್ದು, ಗಿಡ ನೆಡುವುದಷ್ಟೇ ಉಳಿದಿದ್ದರೆ ಊರಿನ ಒಳ್ಳೆಯ ನರ್ಸರಿಯವರೇ ಸಾಕು. ಅವರಿಗೆ ನಕ್ಷೆಯ ಅಗತ್ಯವೂ ಇಲ್ಲ. ಮರಗಳಿರುವ, ನೆರಳು ಬಿಸಿಲು ಬೆರೆತಿರುವ, ಆಕಾರ ನೇರವಿಲ್ಲದ ಜಾಗವಾಗಿದ್ದು, ಮನೆಯಲ್ಲಿ ಒಬ್ಬರಾದರೂ ದಿನವೂ ನಿಂತು ನೋಡಬಲ್ಲವರಿದ್ದರೆ ಮಾತ್ರ ಮೂರನೆಯ ದಾರಿ.

ಇನ್ನೊಮ್ಮೆ ಮಾಡಿಸುವ ಸಂದರ್ಭ ಬಂದರೆ ನಾನು ಗುತ್ತಿಗೆಯನ್ನು ಎರಡು ತುಂಡು ಮಾಡುತ್ತೇನೆ. ಕಸ ತೆಗೆಯುವುದು, ಮಣ್ಣು, ಇಳಿಜಾರು, ಪೈಪು, ಕಲ್ಲು ಇಷ್ಟು ಗುತ್ತಿಗೆದಾರರಿಗೆ. ಗಿಡಗಳು ಅವರ ಪಟ್ಟಿಯಿಂದ ಹೊರಗೆ, ಅವು ನರ್ಸರಿಯವರಿಗೆ. ಎಲ್ಲವೂ ಒಂದೇ ಗುತ್ತಿಗೆಯಾದಾಗ ನಮ್ಮ ಬಿಲ್ಲಿನಲ್ಲಿ ಪೂರ್ತಿ ಮೊತ್ತದ ಮೇಲೆ ಶೇ 18ರಷ್ಟು ಜಿಎಸ್‌ಟಿ ಬಿದ್ದಿತ್ತು. ನರ್ಸರಿಯಲ್ಲಿ ನೇರವಾಗಿ ಕೊಂಡ ಸಸಿಗಳಿಗೆ ಜಿಎಸ್‌ಟಿ ಇಲ್ಲ. ಇಬ್ಬರ ನಡುವೆ ಹೊಣೆ ಜಾರದಿರಲು, ಮಣ್ಣಿನ ಕೆಲಸ ಒಪ್ಪಿಕೊಳ್ಳುವ ಮುನ್ನ ಇಡೀ ಅಂಗಳಕ್ಕೆ ಹೋಸ್‌ಪೈಪಿನಲ್ಲಿ ನೀರು ಬಿಟ್ಟು ಎಲ್ಲಿ ನಿಲ್ಲುತ್ತದೆಂದು ನೋಡಬೇಕು, ಒಂದಡಿ ಆಳದ ಗುಂಡಿಯನ್ನು ನಮಗೆ ಬೇಕಾದ ಜಾಗದಲ್ಲಿ ತೆಗೆಸಿ ಅಡಿಯಲ್ಲಿ ಏನಿದೆಯೆಂದು ನೋಡಬೇಕು. ಮಣ್ಣಿನ ಪರೀಕ್ಷೆಗೆ ಜಿಕೆವಿಕೆಯಂತಹ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಾಲಯಗಳಿವೆ, ಅದಕ್ಕೆ ಆಗುವ ಖರ್ಚು ಒಂದು ಒಳ್ಳೆಯ ಕುಂಡದ ಗಿಡದ ಬೆಲೆಯನ್ನು ಮೀರುವುದಿಲ್ಲ.

ಕರಾರನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಬೇಕು. ಯಾವ ಪೈಪು ಎಲ್ಲಿ ಹೂತಿದೆಯೆಂಬ ನಕ್ಷೆಯನ್ನು ಕೆಲಸದ ಕೊನೆಯಲ್ಲಿ ಕೊಡಬೇಕೆಂದೂ, ಮೊತ್ತದ ಹತ್ತರಲ್ಲಿ ಒಂದು ಭಾಗವನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದೂ ಅದರಲ್ಲಿ ಬರೆಸಬೇಕು. ಎರಡನೆಯ ಷರತ್ತನ್ನು ಕೇಳಿದಾಗ ಮುಖ ಗಂಟಿಕ್ಕುವವರಿದ್ದಾರೆ, ಒಪ್ಪುವವರೂ ಇದ್ದಾರೆ. ಆರಿಸಿಕೊಳ್ಳಲು ಅದೇ ಒಂದು ದಾರಿ. ವ್ಯಾಜ್ಯವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು, ಆದರೆ ಕೈಯಲ್ಲಿ ಕಾಗದವಿಲ್ಲದೆ ಹೋಗಿ ಏನನ್ನು ತೋರಿಸುವುದು? ಗುತ್ತಿಗೆದಾರರು ತಾವು ಮಾಡಿದ ತೋಟಗಳನ್ನು ತೋರಿಸುತ್ತೇವೆಂದಾಗ ಎರಡು ವರ್ಷ ಹಳೆಯದನ್ನು, ಅದೂ ಏಪ್ರಿಲ್ ತಿಂಗಳಲ್ಲಿ, ತೋರಿಸಿ ಎಂದು ಕೇಳಬೇಕು.

ಆರೈಕೆಗೆ ಗುತ್ತಿಗೆದಾರರ ನಿರ್ವಹಣೆಗಿಂತ ವಾರಕ್ಕೊಮ್ಮೆ ತಪ್ಪದೆ ಬರುವ ಒಬ್ಬ ಮಾಲಿ ಮೇಲು. ನಮ್ಮಲ್ಲಿ ಈಗ ಬರುವವರು ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆಂದು ನಡೆಸುವ ಹತ್ತು ತಿಂಗಳ ತರಬೇತಿ ಪಡೆದವರು. ಯಾವ ಗಿಡಕ್ಕೆ ಯಾವಾಗ ಕತ್ತರಿ ಹಾಕಬಾರದೆಂಬುದು ಅವರಿಗೆ ಗೊತ್ತು. ಮುಂಭಾಗದ ಒತ್ತು ಗಿಡಗಳನ್ನು ಬಿಡಿಸಿ, ಸುಟ್ಟುಹೋದ ಹುಲ್ಲಿನ ಜಾಗಕ್ಕೆ ಗರಿಕೆಯನ್ನೂ ನೆಲಕ್ಕೆ ಹಬ್ಬುವ ಬೇರೆ ಗಿಡಗಳನ್ನೂ ಕೂಡಿಸಿದವರು ಅವರೇ.

ಇನ್ನು ಕಾಲದ ಮಾತು. ಗೃಹಪ್ರವೇಶದ ಮುಹೂರ್ತಗಳು ಬಹುಮಟ್ಟಿಗೆ ಮಾಘ, ಫಾಲ್ಗುಣ, ವೈಶಾಖಗಳಲ್ಲಿ ಬರುವುದರಿಂದ, ನೆಂಟರು ಬರುವ ಹೊತ್ತಿಗೆ ಅಂಗಳ ಹಸಿರಾಗಿರಬೇಕೆಂದು ಜನ ಬಿರುಬಿಸಿಲಿನಲ್ಲಿಯೇ ಗಿಡ ನೆಡಿಸುತ್ತಾರೆ. ಗುತ್ತಿಗೆದಾರರೂ ಬೇಡವೆನ್ನುವುದಿಲ್ಲ. ವರ್ಷದಲ್ಲಿ ಸಸಿ ನೆಡಲು ಅದಕ್ಕಿಂತ ಕೆಟ್ಟ ಕಾಲವಿಲ್ಲ. ಆ ತಿಂಗಳುಗಳಲ್ಲಿ ನೆಲದ ಕೆಲಸ, ಕಲ್ಲಿನ ಕೆಲಸ ಮುಗಿಸಿಕೊಂಡು, ಮೊದಲ ಮಳೆ ಬಿದ್ದೊಡನೆ ಬರಿಯ ಮಣ್ಣಿಗೆ ಹಸಿರೆಲೆ ಗೊಬ್ಬರವಾಗುವ ಅಪ್ಸೆಣಬಿನ ಬೀಜ ಚೆಲ್ಲಿ, ಅದು ಹೂ ಬಿಡುವ ಮುನ್ನ ಅಲ್ಲಿಯೇ ಕೊಚ್ಚಿ ಮಣ್ಣಿಗೆ ಸೇರಿಸಿ, ಮುಂಗಾರು ಚೆನ್ನಾಗಿ ಹಿಡಿದ ಮೇಲೆ ಸಸಿಗಳನ್ನು ತರಬೇಕು. ಗೃಹಪ್ರವೇಶದ ದಿನಕ್ಕೆ ಹಸಿರು ಬೇಕೇ ಬೇಕೆಂದರೆ ನರ್ಸರಿಯವರು ಕುಂಡದ ಗಿಡಗಳನ್ನು ಬಾಡಿಗೆಗೆ ಕೊಡುತ್ತಾರೆ. ಸಮಾರಂಭ ಮುಗಿದ ಮೇಲೆ ಅವರೇ ಬಂದು ಕೊಂಡೊಯ್ಯುತ್ತಾರೆ.